ಪದಚರ್ಚೆ: ಕಲ್ಪನೆಯ ರಾಜ್ಯಗಳ ನಾಣ್ಯಕ್ಕೆ ಏನಂತ ಹೆಸರಿಡೋದು? ವರಹ, ಹಣ, ಹಾಗ, ಸಲುವಳಿ

ಎಲ್ರಿಗೂ ನಮಸ್ಕಾರ. ನಾನೊಂದು ಫ್ಯಾಂಟಸಿ ಕಾದಂಬರಿ ಬರೀತಾ ಇದೀನಿ, ಪೂರಾ ಕಲ್ಪನೆಯ ಲೋಕ, ಅಲ್ಲಿ ಮೂರು ರಾಜ್ಯ ಇದಾವೆ: ಬೆಟ್ಟದ ಮೇಲೆ ಒಂದು ಹಳೇ ರಾಜ್ಯ, ಅದರಿಂದ ಒಡೆದು ಬಯಲಿಗೆ ಇಳಿದು ದೊಡ್ಡದಾದ ಇನ್ನೊಂದು, ಆಮೇಲೆ ಕಡಲಾಚೆ ದ್ವೀಪದವರದ್ದು. ನಾಯಕಿ ಚಿನಿವಾರರ ಮನೆ ಹುಡುಗಿ. ಗಡಿ ಸಂತೇಲಿ ಒರೆಗಲ್ಲು ತಕ್ಕಡಿ ಇಟ್ಕೊಂಡು ಕೂತು ಒಂದು ರಾಜ್ಯದ ನಾಣ್ಯ ತಗೊಂಡು ಇನ್ನೊಂದರದ್ದು ಕೊಡೋದೇ ಅವಳ ಕಸುಬು, ಹಾಗಾಗಿ ಪುಟಪುಟಕ್ಕೂ ನಾಣ್ಯದ ಹೆಸರು ಬಂದೇ ಬರುತ್ತೆ, ತಪ್ಪಿಸ್ಕೊಳ್ಳೋಕಾಗಲ್ಲ. ಚಿನ್ನದ ನಾಣ್ಯ ಬೆಳ್ಳಿ ನಾಣ್ಯ ತಾಮ್ರದ ನಾಣ್ಯ ಅಂತ ಬರ್ಕೊಂಡು ಹೋದ್ರೆ ಓದೋರಿಗೆ ಅರ್ಥ ಆಗುತ್ತೆ ನಿಜ, ಆದ್ರೆ ಯಾವ ಸಂತೇಲೂ ಯಾವ ಮನುಷ್ಯನೂ ಹಾಗೆ ಮಾತಾಡಲ್ಲ. ನಮ್ಮಲ್ಲೇ ಇಪ್ಪತ್ತೈದು ಪೈಸೆ ಬಿಲ್ಲೆ 2011ರಲ್ಲೇ ಚಲಾವಣೆಯಿಂದ ಹೋದ್ರೂ ನಾಲ್ಕಾಣೆ, ಪಾವಲಿ ಅನ್ನೋ ಮಾತು ಇನ್ನೂ ಬಾಯಲ್ಲಿದೆ, ಆಣೆ ಲೆಕ್ಕ ಹೋಗಿದ್ದೋ 1957ರ ಏಪ್ರಿಲ್‌ನಲ್ಲಿ. ಜನ ನಾಣ್ಯನ ಹೆಸರಿಡಿದು ಕರೀತಾರೆ, ನಾಣ್ಯ ಸತ್ತ ಮೇಲೂ ಕರೀತಾರೆ.

ಮೊದಲು ನಾನು ಚಿನ್ನದ ನಾಣ್ಯಕ್ಕೆ ನಮ್ಮ ಹಳೇ ಹೆಸರು ವರಹ ಅಂತಾನೇ ಬರೆದಿದ್ದೆ. ಬರೀತಾ ಬರೀತಾ ಕಸಿವಿಸಿ ಶುರುವಾಯ್ತು, ಯಾಕಂದ್ರೆ ವರಹ ಅಂದ ಕೂಡ್ಲೇ ವರಾಹಮುದ್ರೆ, ಅದರ ಹಿಂದೆ ವಿಷ್ಣುವಿನ ಅವತಾರ, ಅದರ ಹಿಂದೆ ಹಂಪಿ, ಇಷ್ಟೂ ಓದುಗರ ತಲೇಲಿ ಬಂದು ನಿಂತ್ಬಿಡುತ್ತೆ, ನನ್ನ ಲೋಕದಲ್ಲಿ ವಿಷ್ಣುನೇ ಇಲ್ಲ. ಆದ್ರೆ ಅದೇ ವರಹದಿಂದ ಒಂದು ವಿಷಯ ಕಲಿತೆ. ವಿಜಯನಗರದ ವರಹಗಳನ್ನ ನೋಡಿ, ಹೆಚ್ಚಿನವುಗಳಲ್ಲಿ ಹಂದಿನೇ ಇಲ್ಲ! ಹರಿಹರನ ನಾಣ್ಯದಲ್ಲಿ ಹನುಮಂತ, ಕೃಷ್ಣದೇವರಾಯನದ್ದರಲ್ಲಿ ಬಾಲಕೃಷ್ಣ, ಅಚ್ಯುತರಾಯನದ್ದರಲ್ಲಿ ಗಂಡಭೇರುಂಡ. ಮುದ್ರೆ ಬದಲಾದ್ರೂ ಹೆಸರು ಮಾತ್ರ ಹಾಗೇ ಉಳ್ಕೊಂತು. ಇದು ನನಗೆ ತುಂಬಾ ಹಿಡಿಸ್ತು. ಹಾಗಾಗಿ ಬೆಟ್ಟದ ರಾಜ್ಯದ ಚಿನ್ನದ ನಾಣ್ಯಕ್ಕೆ ‘ಕಡವೆ’ ಅಂತ ಹೆಸರಿಟ್ಟಿದೀನಿ, ಈಗ ಅದರ ಮೇಲೆ ಇರೋದು ರಾಣಿಯ ಕೈಗುರುತು, ಕಡವೆಗಳು ಆ ಕಾಡಲ್ಲಿ ಮುಗಿದುಹೋಗಿ ಎಷ್ಟೋ ತಲೆಮಾರು ಆಗಿದೆ. ‘ಎರಡು ಕಡವೆ ಕೊಟ್ಟು ಹೊಲ ತಗೊಂಡ’ ಅಂದ್ರೆ ನಿಮಗೆ ಪ್ರಾಣಿ ಕಾಣ್ಸುತ್ತಾ, ನಾಣ್ಯ ಕಾಣ್ಸುತ್ತಾ? ಇದು ನನ್ನ ಮೊದಲನೇ ಪ್ರಶ್ನೆ.

ಎರಡನೇದು ‘ಹಣ’. ಇದು ನಿಜಕ್ಕೂ ಕಷ್ಟದ ಪದ. ಹಣ ಅನ್ನೋದು ಮೂಲದಲ್ಲಿ ಒಂದು ನಿರ್ದಿಷ್ಟ ನಾಣ್ಯ, ಚಿನ್ನದ್ದೇ, ಆದ್ರೆ ಎಷ್ಟು ಚಿಕ್ಕದು ಅಂದ್ರೆ ನಾನು ಮೈಸೂರು ಒಡೆಯರ ಕಾಲದ ಒಂದು ಕಂಠೀರವ ಹಣನ ಮ್ಯೂಸಿಯಂನಲ್ಲಿ ಗಾಜಿನ ಆಚೆಯಿಂದ ನೋಡ್ದಾಗ ಮೊದಲು ಯಾರೋ ತೊಗರಿಬೇಳೆ ಬೀಳಿಸಿದಾರೆ ಅನ್ನಿಸ್ತು, ಅರ್ಧ ಗ್ರಾಂ ಕೂಡ ತೂಗಲ್ಲ ಅದು, ಅಷ್ಟರಲ್ಲೇ ಒಂದು ಕಡೆ ಕೂತ ನರಸಿಂಹ, ಇನ್ನೊಂದು ಕಡೆ ನಾಗರಿ ಅಕ್ಷರದಲ್ಲಿ ಮೂರು ಸಾಲು. ಆ ಕಮ್ಮಟದವನ (ನಾಣ್ಯ ಅಚ್ಚು ಹಾಕೋನ) ಕಣ್ಣಿಗೆ ಕೈಮುಗೀಬೇಕು. ಈಗ ಹಣ ಅಂದ್ರೆ ಎಲ್ಲಾ ಥರದ ದುಡ್ಡು ಅಂತಾಗ್ಬಿಟ್ಟಿದೆ (ದುಡ್ಡು, ಕಾಸು ಕೂಡ ಇದೇ ದಾರಿ ಹಿಡಿದವೇ, ಎರಡೂ ಒಂದು ಕಾಲಕ್ಕೆ ಬೇರೆ ಬೇರೆ ನಾಣ್ಯದ ಹೆಸರು). ನಾನು ‘ಅವಳು ಮೂರು ಹಣ ಎಣಿಸಿ ಇಟ್ಟಳು’ ಅಂತ ಬರೆದಿದ್ದನ್ನ ಅಕ್ಕನ ಮಗ ಓದಿ, ಮೂರು ಹಣ ಅಂದ್ರೆ ಮೂರು ರೂಪಾಯಿನಾ, ಅಥವಾ ರೂಪಾಯಿ ಅನ್ನೋದು ಬಿಟ್ಟುಹೋಗಿದೆಯಾ ಅಂತ ಕೇಳ್ದ. ಅವನದ್ದೇನೂ ತಪ್ಪಿಲ್ಲ.

ಆದ್ರೂ ಈ ಪದ ಬಿಡೋಕೆ ಮನಸ್ಸಾಗ್ತಿಲ್ಲ, ಅದಕ್ಕೆ ಕಾರಣ ಇದೆ. ನಮ್ಮ ಹಳಗನ್ನಡದ ಪಕಾರ ಹಕಾರ ಆಯ್ತಲ್ವಾ, ಪಾಲು ಹಾಲಾಯ್ತು, ಪೂವು ಹೂವಾಯ್ತು, ಹಾಗೇ ಪಣ ಹಣ ಆಯ್ತು, ಹಣದ ಕಾಲುಭಾಗ ಪಾಗ ಇದ್ದಿದ್ದು ಹಾಗ ಆಯ್ತು, ಆದ್ರೆ ಮುಕ್ಕಾಲು ಹಣಕ್ಕೆ ಹೇಳೋ ಮುಪ್ಪಾಗದಲ್ಲಿ ಆ ಹಳೇ ಪಕಾರ ಹಾಗೇ ಗಟ್ಟಿಯಾಗಿ ಕೂತಿದೆ. ನನ್ನ ಬೆಟ್ಟದ ರಾಜ್ಯ, ಬಯಲು ರಾಜ್ಯ ಎರಡೂ ಒಂದೇ ತಾಯಿಭಾಷೆಯವು. ಬೆಟ್ಟದವರು ಪಣ, ಪಾಗ ಅನ್ನೋದು, ಬಯಲಿನವರು ಹಣ, ಹಾಗ ಅನ್ನೋದು, ಒಂದೇ ನಾಣ್ಯದ ಎರಡು ಉಚ್ಚಾರ, ಅದರಿಂದಲೇ ಗಡೀಲಿ ಯಾರು ಯಾವ ಕಡೆಯವರು ಅಂತ ಗೊತ್ತಾಗೋದು! ನಾಯಕಿ ಒಂದು ಕಡೆ ಬಾಯಿತಪ್ಪಿ ಪಾಗ ಅಂದು ಸಿಕ್ಕಿಬೀಳ್ತಾಳೆ. ಇದನ್ನ ಬೇರೆ ಯಾವ ಭಾಷೇಲಿ ಬರೆದ್ರೂ ಹೀಗೆ ಬರಲ್ಲ, ನಮ್ಮ ಭಾಷೆಯ ಚರಿತ್ರೇನೇ ಕಥೆಗೆ ತಿರುವು ಕೊಡ್ತಾ ಇದೆ. ಆದ್ರೆ ಸಾಮಾನ್ಯ ಓದುಗರಿಗೆ ಪಣ ಅಂದ್ರೆ ಪಣತೊಡೋದು, ಜೂಜಿಗೆ ಒಡ್ಡೋದು ಅಷ್ಟೇ ನೆನಪಿಗೆ ಬರುತ್ತೇನೋ. ನೀವೇನಂತೀರಿ?

ಲೆಕ್ಕದ ಬಗ್ಗೆ ಒಂದು ಮಾತು. ಹತ್ತು, ನೂರು ಅಂತ ಏರೋ ಲೆಕ್ಕ ಇಟ್ರೆ ಬರೆಯೋಕೆ ಸುಲಭ, ಆದ್ರೆ ಹಳೇ ಲೆಕ್ಕದ ರುಚಿ ಇರಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಝಾಕ್ ಬರೆದಿಟ್ಟಿರೋ ಪ್ರಕಾರ ಒಂದು ವರಹಕ್ಕೆ ಎರಡು ಪ್ರತಾಪ, ಒಂದು ಪ್ರತಾಪಕ್ಕೆ ಹತ್ತು ಹಣ, ಒಂದು ಹಣಕ್ಕೆ ಆರು ಬೆಳ್ಳಿಯ ತಾರ, ಒಂದು ತಾರಕ್ಕೆ ಮೂರು ತಾಮ್ರದ ಜೀತಲ್. ಅಂದ್ರೆ ವರಹಕ್ಕೆ ಇಪ್ಪತ್ತು ಹಣ. ಅದೇ ಮೈಸೂರಿಗೆ ಬನ್ನಿ, 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ ಲೆಕ್ಕದಲ್ಲಿ ಹತ್ತು ಹಣಕ್ಕೆ ಒಂದು ಕಂಠೀರಾಯ ವರಹ, ಆದ್ರೆ ಆ ವರಹ ಯಾವತ್ತೂ ಅಚ್ಚಾಗಲೇ ಇಲ್ಲ, ಬರೀ ಕಡತದ ಲೆಕ್ಕದಲ್ಲಿ ಮಾತ್ರ ಇತ್ತು. ಎಲ್ಲರೂ ಅದರಲ್ಲಿ ಲೆಕ್ಕ ಬರೀತಾರೆ, ಯಾರ ಕೈಗೂ ಅದು ಸಿಗಲ್ಲ. ಇಂಥ ಲೆಕ್ಕಕ್ಕಷ್ಟೇ ಇರೋ ನಾಣ್ಯಕ್ಕೆ ಕನ್ನಡದಲ್ಲಿ ಒಂದು ಪದ ಬೇಕು. ‘ಎಣಿಕೆನಾಣ್ಯ’ ಅಂತ ಬರೆದು ಹೊಡೆದುಹಾಕಿದೆ, ಕೈಲಿ ಎಣಿಸೋ ನಾಣ್ಯ ಅನ್ನೋ ಹಾಗೆ ಕೇಳ್ಸುತ್ತೆ, ಅರ್ಥ ಪೂರ್ತಿ ಉಲ್ಟಾ. ‘ಕಡತದ ವರಹ’ ಥರ ‘ಕಡತದ ಕಡವೆ’ ಅಂತ ಜನರ ಬಾಯಲ್ಲಿ ಹಾಕಿದ್ರೆ ಹೇಗೆ?

ಸಣ್ಣ ತಾಮ್ರದ ನಾಣ್ಯಗಳಿಗೆ ಟಿಪ್ಪು ಇಟ್ಟ ಹೆಸರುಗಳ ದಾರಿ ಹಿಡೀತಾ ಇದೀನಿ. ಜೊಹ್ರಾ ಅಂದ್ರೆ ಶುಕ್ರಗ್ರಹ, ಬಹ್ರಾಮ್ ಅಂದ್ರೆ ಮಂಗಳ, ಅಖ್ತರ್ ಅಂದ್ರೆ ನಕ್ಷತ್ರ, ಕುತ್ಬ್ ಅಂದ್ರೆ ಧ್ರುವ, ಒಂದಕ್ಕಿಂತ ಒಂದು ಅರ್ಧರ್ಧ ಬೆಲೆ. ದ್ವೀಪದವರು ನಕ್ಷತ್ರ ನೋಡಿ ಹಡಗು ನಡೆಸೋರಾದ್ದರಿಂದ ಅವರ ನಾಣ್ಯಕ್ಕೆ ಬೆಳ್ಳಿಚುಕ್ಕಿ, ಚುಕ್ಕಿ, ಅರೆಚುಕ್ಕಿ. ಇದರ ಬಗ್ಗೆ ನನಗೆ ಗೊಂದಲ ಇಲ್ಲ. ಮೊದಲು ಅವರಿಗೆ ಕವಡೆ ಕೊಟ್ಟಿದ್ದೆ, ಮಾಲ್ಡೀವ್ಸ್‌ನ ಕವಡೆ ಬಂಗಾಳಕ್ಕೆ ಹಡಗುಗಟ್ಟಲೆ ಹೋಗ್ತಿತ್ತು, ಅಲ್ಲಿ ಅದೇ ದುಡ್ಡು. ಆದ್ರೆ ಕನ್ನಡದಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ ಅನ್ನೋ ಮಾತು ಎಷ್ಟು ಬೇರೂರಿದೆ ಅಂದ್ರೆ ‘ಸಾವಿರ ಕವಡೆಯ ಮದುವೆ’ ಅಂತ ಬರೆದ್ರೆ ಬಡವರ ಮದುವೆ ಅಂದ್ಕೋತಾರೆ, ಬಿಟ್ಟೆ.

ಈಗ ಮುಖ್ಯ ಪ್ರಶ್ನೆ. ಒಂದು ರಾಜ್ಯದ ಒಟ್ಟು ನಾಣ್ಯವ್ಯವಸ್ಥೆಗೆ, ಅಂದ್ರೆ ಪತ್ರಿಕೆಯವರು ಕರೆನ್ಸಿ ಅಂತ ಬರೀತಾರಲ್ಲ, ಅದಕ್ಕೆ ಏನನ್ನೋಣ? ಚಲಾವಣೆ ಅನ್ನೋದು ನಡೆಯೋ ಕ್ರಿಯೆ, ವಸ್ತು ಅಲ್ಲ. ‘ಬಯಲಿನ ಚಲಾವಣೆ ಬೆಟ್ಟದಲ್ಲಿ ನಡೆಯಲ್ಲ’ ಅಂದ್ರೆ ಯಾಕೋ ಸರಿ ಕೂರಲ್ಲ. ನನಗೆ ಹೊಳೆದಿದ್ದು ‘ಸಲುವಳಿ’, ನಡೆವಳಿ ಇದ್ದ ಹಾಗೆ. ನಾಣ್ಯಕ್ಕೆ ಕನ್ನಡದ ಕ್ರಿಯಾಪದ ಸಲ್ಲು ಅನ್ನೋದೇ, ಸಲ್ಲೋ ನಾಣ್ಯ, ಸಲ್ಲದ ನಾಣ್ಯ. ಬಸವಣ್ಣನವರು ಮರ್ತ್ಯಲೋಕವೆಂಬುದು ಕರ್ತಾರನ ಕಮ್ಮಟವಯ್ಯಾ, ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರಯ್ಯಾ ಅಂದಾಗ ಕಮ್ಮಟ, ಸಲ್ಲು ಎರಡೂ ಟಂಕಸಾಲೆಯ, ಅಂದ್ರೆ ನಾಣ್ಯ ಅಚ್ಚು ಹಾಕೋ ಜಾಗದ ಮಾತೇ ಅಲ್ವಾ, ಆ ಹಿನ್ನೆಲೆ ಗೊತ್ತಾದ ಮೇಲೆ ವಚನ ಓದಿದ್ರೆ ಮೈ ಜುಂ ಅನ್ನುತ್ತೆ. ‘ನಿಮ್ಮ ಸಲುವಳಿ ನಮ್ಮಲ್ಲಿ ಸಲ್ಲಲ್ಲ’ ಅಂತ ಸುಂಕದವನು ಹೇಳೋದು ನನ್ನ ಕಿವಿಗೆ ಸಹಜವಾಗೇ ಕೇಳ್ಸುತ್ತೆ. ಸಲುವಾಗಿ ಅನ್ನೋ ಪದದ ಜೊತೆ ಗೊಂದಲ ಆಗುತ್ತೆ ಅಂತ ಒಬ್ಬರು ಹೇಳಿದ್ರು, ನನಗೆ ಹಾಗನ್ನಿಸ್ಲಿಲ್ಲ.

ಆಮೇಲೆ, ನಾಣ್ಯ ಬದಲಾಯಿಸಿ ಕೊಡೋಕೆ ಚಿನಿವಾರರು ಮುರ್ಕೊಳ್ಳೋ ಪಾಲು. ವಟ್ಟ, ವಟಾವು ಎರಡೂ ಇವೆ, ಸೋಡಿ ಅನ್ನೋದೂ ಲೆಕ್ಕಪತ್ರದಲ್ಲಿ ಬರುತ್ತೆ. ನಾನು ವಟ್ಟ ಅಂತ ಇಟ್ಕೊಂಡಿದೀನಿ, ಬಾಯಿಗೆ ಗಟ್ಟಿಯಾಗಿ ಸಿಗುತ್ತೆ. ಸವಕಲು ನಾಣ್ಯಕ್ಕೆ ಹೆಚ್ಚು ವಟ್ಟ, ಹೊಸ ಅಚ್ಚಿಗೆ ಕಡಿಮೆ. ನಿಮ್ಮ ಮನೇಲಿ, ಅಂಗಡೀಲಿ, ಜಾತ್ರೇಲಿ ಹಿರಿಯರು ಇದಕ್ಕೆ ಬೇರೆ ಏನಾದ್ರೂ ಅಂತಿದ್ರಾ? ಧಾರವಾಡ, ಬೆಳಗಾವಿ, ರಾಯಚೂರು ಕಡೆಯವರು ರೊಕ್ಕ ಮುರಿಸೋದು ಅಂತಾರಲ್ಲ, ಆ ‘ಮುರಿಸು’ ಬರೀ ಚಿಲ್ಲರೆ ಮಾಡಿಸೋದಕ್ಕೆ ಮಾತ್ರನಾ, ಅಥವಾ ಒಂದು ಥರದ ನಾಣ್ಯ ಕೊಟ್ಟು ಇನ್ನೊಂದು ಥರದ್ದು ತಗೊಳೋದಕ್ಕೂ ಹೇಳ್ತಾರಾ? ಹೇಳ್ತಾರೆ ಅಂತಾದ್ರೆ ನಾಯಕಿಯ ಕಸುಬಿಗೆ ಅದಕ್ಕಿಂತ ಒಳ್ಳೇ ಕ್ರಿಯಾಪದ ಬೇರೆ ಬೇಡ, ಮೊದಲನೇ ಅಧ್ಯಾಯದಿಂದಲೇ ತಿದ್ಕೋತೀನಿ.