ಕನ್ನಡಿಯೊಳಗಿನ ಮುಖ ನಮ್ಮನ್ನೇ ನೋಡುತ್ತಿದೆ, ಸರಿಪಡಿಸುವುದು ಹೇಗೆ?

ಬಣ್ಣದಡಬ್ಬಿ:
ನಮಗೆ ಬೆನ್ನು ಹಾಕಿ ಕೂತ ಹೆಂಗಸು, ಎದುರಿಗೆ ಗೋಡೆಗನ್ನಡಿ. ನೋಡುವ ಜಾಗದಿಂದ ತಲೆಗೆ 2 ಮೀಟರ್, ತಲೆಯಿಂದ ಕನ್ನಡಿಗೆ 50 ಸೆಂ.ಮೀ. ಕ್ಯಾನ್ವಾಸಿನಲ್ಲಿ ತಲೆ 12 ಸೆಂ.ಮೀ., ಬಿಂಬವೂ ಅಷ್ಟೇ. ತನ್ನನ್ನು ತಾನು ನೋಡಿಕೊಳ್ಳಬೇಕಾದವಳು ನಮ್ಮನ್ನು ದಿಟ್ಟಿಸುತ್ತಿದ್ದಾಳೆ. ಎಲ್ಲಿ ಎಡವಿದ್ದೇನೆ?

ಗೆರೆಗಾರ:
ಎರಡು ಕಡೆ. ಮೊದಲು ಅಳತೆ. ಬಿಂಬ ಇರುವುದು ಕನ್ನಡಿಯ ಮೇಲಲ್ಲ, ಅದರ ಹಿಂದೆ ಇನ್ನೂ 50 ಸೆಂ.ಮೀ. ಆಚೆ. ಅಂದರೆ ನಿಮ್ಮಿಂದ 3 ಮೀಟರ್. 12ರ ಮೂರರಲ್ಲಿ ಎರಡು ಪಾಲು, 8 ಸೆಂ.ಮೀ. ಸಾಕು.

ಇನ್ನು ನೋಟ. ಬಿಂಬದ ಕಣ್ಣು ನಮ್ಮ ಕಣ್ಣಿಗೆ ಸಿಕ್ಕರೆ ಅವಳಿಗೆ ಅಲ್ಲಿ ಕಾಣುವುದು ನಾವೇ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ಚಿತ್ರದಲ್ಲಿ ಕನ್ನಡಿ ನೋಡುವ ವೀನಸ್ ದೇವತೆ ತನ್ನ ಚೆಲುವಿಗೆ ತಾನೇ ಸೋತಿದ್ದಾಳೆ ಅನ್ನುತ್ತಾರಲ್ಲ, ಕನ್ನಡಿಯೊಳಗಿನ ಆ ಮಸುಕು ಮುಖ ನಮ್ಮತ್ತ ತಿರುಗಿರುವಾಗ ಅದು ಹೇಗೆ ಸಾಧ್ಯ? ಈ ತಪ್ಪು ಓದಿಗೆ ‘ವೀನಸ್ ಎಫೆಕ್ಟ್’ ಎಂಬ ಹೆಸರೇ ಇದೆ. ಆ ಮುಖ ಇರಬೇಕಾದ್ದಕ್ಕಿಂತ ದೊಡ್ಡದು ಕೂಡ. ಅವನಿಗೆ ಅದು ಒಪ್ಪುತ್ತದೆ, ನಿಮ್ಮ ಚಿತ್ರಕ್ಕೆ ಬೇಡ.

ನೀವು ಅವಳ ನೇರ ಹಿಂದೆ ನಿಂತರೆ ತಲೆಯೇ ಬಿಂಬವನ್ನು ಮುಚ್ಚುತ್ತದೆ. ಸ್ವಲ್ಪ ಬಲಕ್ಕೆ ಸರಿಯಿರಿ. ಬಿಂಬ ತಲೆಯ ಬಲಕ್ಕೆ ಬರುತ್ತದೆ. ಆ ಮುಖವೂ ಕಣ್ಣುಗುಡ್ಡೆಯೂ ಎಡಕ್ಕೆ, ನಿಜವಾದ ತಲೆಯ ಕಡೆಗೆ ತಿರುಗಿರಲಿ. ಕಿವಿಯಿಂದ ಬಿಂಬದ ಕಿವಿಗೆ, ಬಳೆಯಿಂದ ಬಳೆಗೆ ಪೆನ್ಸಿಲ್ ಗೆರೆ ಎಳೆದು ಮುಂದುವರಿಸಿ. ಎಲ್ಲವೂ ಒಂದೇ ಬಿಂದುವಿನಲ್ಲಿ ಕೂಡಬೇಕು.

ಕುಂಚ_ಕೊಡೆ:
ಮುಖಕ್ಕೆ ಎದುರಿನಿಂದ ತೆಗೆದ ಫೋಟೋ ಇಟ್ಟುಕೊಂಡಿದ್ದರೆ ಅದನ್ನು ಎಡಬಲ ಮಗುಚಿ. ಸೆರಗು ಅವಳ ಎಡ ಹೆಗಲ ಮೇಲಿದ್ದರೆ ಬಿಂಬದಲ್ಲೂ ನಮ್ಮ ಎಡಕ್ಕೇ ಬರಬೇಕು, ಬಲ ಹೊಳ್ಳೆಯ ಮೂಗುತಿ ಬಲಕ್ಕೇ. ಹೆಚ್ಚಿನವರು ಸೆರಗು ಸರಿಮಾಡಿ ಮೂಗುತಿ ಮರೆಯುತ್ತಾರೆ. ಬೈತಲೆ ಓರೆಯಾಗಿದ್ದರೆ ಅದನ್ನೂ ನೋಡಿ.

ಗೆರೆಗಾರ:
ಹೌದು, ಅದು ಬಿಟ್ಟುಹೋಗಿತ್ತು.

ಹಳೇಚೌಕಟ್ಟು:
ಲೆಕ್ಕ ಕಲಿತ ಮೇಲೆ ಮುರಿಯಲೂಬಹುದು. ಫ್ರೆಂಚ್ ಚಿತ್ರಕಾರ ಮಾನೆ 1882ರ ‘ಫೋಲಿ ಬೆರ್ಜೇರ್’ ಬಾರ್ ಚಿತ್ರದಲ್ಲಿ ಹುಡುಗಿಯ ಬಿಂಬವನ್ನು ಬಲಕ್ಕೆ ತಳ್ಳಿದ್ದಾನೆ. ಮೊದಲು ಅದು ಅವಳ ಹತ್ತಿರವೇ ಇತ್ತೆಂದು ಚಿತ್ರದ ಎಕ್ಸ್‌ರೇ ತೋರಿಸುತ್ತದೆ. ಬೇಲೂರಿನ ದರ್ಪಣ ಸುಂದರಿಯ ಶಿಲ್ಪಿಗೆ ಈ ತಾಪತ್ರಯವೇ ಇರಲಿಲ್ಲ, ಕಲ್ಲಿನ ಕನ್ನಡಿಯಲ್ಲಿ ಬಿಂಬವಿಲ್ಲ.

ಬಣ್ಣದಡಬ್ಬಿ:
8 ಸೆಂ.ಮೀ.ಗೆ ಇಳಿಸುತ್ತೇನೆ. ಮೂಗುತಿ ತಪ್ಪು ಕಡೆಯೇ ಇದೆ.