ಹಳೆಯ ಕನ್ನಡ ಪುಟದಲ್ಲಿ ಅಕ್ಷರಗಳ ಬದಲು ಚಿಹ್ನೆಗಳು ಕಾಣುತ್ತಿವೆ

ಬಸವನಗುಡಿಯ ಓದುಗರು:

ನಮಸ್ಕಾರ. ನಮ್ಮ ತಂದೆಯವರು ಬಹಳ ವರ್ಷಗಳ ಹಿಂದೆ ಇಲ್ಲಿನ ಸಾಹಿತ್ಯ ಸಂಘವೊಂದರ ಜಾಲತಾಣಕ್ಕೆ ಬರೆದುಕೊಟ್ಟ ಲೇಖನ ಈಗಲೂ ಅಲ್ಲಿಯೇ ಇದೆ. ಆಗ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಸರಾಗವಾಗಿ ಓದುತ್ತಿದ್ದೆವು. ಈಗ ಮೊಬೈಲಿನಲ್ಲಿಯೂ ಹೊಸ ಲ್ಯಾಪ್‌ಟಾಪಿನಲ್ಲಿಯೂ ಇಂಗ್ಲಿಷ್ ಅಕ್ಷರಗಳು, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆಯಿರುವ ದೊಡ್ಡ ‘ಎ’ಗಳು ಮಾತ್ರ ಕಾಣುತ್ತವೆ. ಮೂರು ನಾಲ್ಕು ಕಡೆಯಿಂದ ಕನ್ನಡ ಫಾಂಟುಗಳನ್ನು ಇಳಿಸಿಕೊಂಡೆ, ಬ್ರೌಸರನ್ನೂ ಬದಲಾಯಿಸಿದೆ, ಪ್ರಯೋಜನವಾಗಲಿಲ್ಲ. ತಂದೆಯವರು ಈಗಿಲ್ಲ, ಬೇರೆ ಪ್ರತಿಯೂ ಇಲ್ಲ. ಲೇಖನ ಕೆಟ್ಟುಹೋಗಿದೆಯೇ?

ಮಲ್ಲೇಶ್ವರದ ಸದಸ್ಯರು:

ನಮಸ್ಕಾರ. ಲೇಖನ ಕೆಟ್ಟಿಲ್ಲ, ದಯವಿಟ್ಟು ಧೈರ್ಯವಾಗಿರಿ. ಇಂಥ ತೊಂದರೆಯಲ್ಲಿ ಏನನ್ನಾದರೂ ಇಳಿಸಿಕೊಳ್ಳುವ ಮೊದಲು ತೆರೆಯ ಮೇಲೆ ಕಾಣುವುದನ್ನು ಸರಿಯಾಗಿ ನೋಡಬೇಕು, ಏಕೆಂದರೆ ರೋಗ ಯಾವುದೆಂದು ಆ ಚಿಹ್ನೆಗಳೇ ಹೇಳುತ್ತವೆ. ಖಾಲಿ ಚೌಕಗಳು ಕಂಡರೆ ಪಠ್ಯ ಯುನಿಕೋಡಿನಲ್ಲಿದೆ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತವಿರುವ ಈಗಿನ ಪದ್ಧತಿ), ನಿಮ್ಮ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ ಎಂದರ್ಥ. ನೋಟೋ ಸಾನ್ಸ್ ಕನ್ನಡದಂಥ ಒಂದು ಫಾಂಟ್ ಹಾಕಿದರೆ ಸಾಕು. ಓರೆಗೆರೆ ಹೊತ್ತ ಸಣ್ಣ ‘ಎ’ಯೂ ಅದರ ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ 2 ಅಥವಾ 3 ಕೂಡ ಮತ್ತೆ ಮತ್ತೆ ಬರುತ್ತಿದ್ದರೆ, ಯುಟಿಎಫ್-8 (ಯುನಿಕೋಡನ್ನು ಕಡತದಲ್ಲಿ ಉಳಿಸುವ ಒಂದು ರೀತಿ) ಪಠ್ಯವನ್ನು ಬ್ರೌಸರ್ ಬೇರೆ ಸಂಕೇತಪದ್ಧತಿಯೆಂದು ತಿಳಿದು ಓದುತ್ತಿದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ ಒಂದು ಅಕ್ಷರ ಮೂರು ಚೂರಾಗಿ ಕಾಣುತ್ತದೆ.

ನಿಮ್ಮದು ಇವೆರಡೂ ಅಲ್ಲ. ಪೌಂಡ್ ಚಿಹ್ನೆ ಇದೆ ಎಂದಿರಿ. ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಪಠ್ಯದ, ಅಂದರೆ ಇಂಗ್ಲಿಷ್ ಸಂಕೇತಗಳನ್ನೇ ಬಳಸಿ ಬರೆದ ಕನ್ನಡದ ಗುರುತು. ಅಲ್ಲಿ ಪೌಂಡಿನ ಜಾಗದಲ್ಲಿ ‘ನ’ದ ಆಕಾರವನ್ನೂ ಇಂಗ್ಲಿಷಿನ ದೊಡ್ಡ ‘ಪಿ’ಯ ಜಾಗದಲ್ಲಿ ‘ಕ’ದ ಆಕಾರವನ್ನೂ ಫಾಂಟಿನೊಳಗೆ ಕೂರಿಸಿರುತ್ತಾರೆ. ಅದೇ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ. ಯುನಿಕೋಡ್ ಫಾಂಟುಗಳನ್ನು ಎಷ್ಟು ಹಾಕಿದರೂ ‘ಪಿ’ ಎಂಬುದು ‘ಪಿ’ಯಾಗಿಯೇ ಉಳಿಯುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ನುಡಿಯೋ ಬರಹವೋ ಇದ್ದಿರಬೇಕು, ಇಲ್ಲವೇ ಪುಟವೇ ತನ್ನ ಜೊತೆಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ ಓದಬಲ್ಲ ಇಒಟಿ ಎಂಬ ಬಗೆಯ ಫಾಂಟನ್ನು ಕಳುಹಿಸುತ್ತಿದ್ದಿರಬೇಕು.

ಲ್ಯಾಪ್‌ಟಾಪಿಗೆ ಆ ಫಾಂಟನ್ನೇ ಹಾಕಿ ಓದಬಹುದು, ಆದರೆ ನಾನು ಅದನ್ನು ಸೂಚಿಸುವುದಿಲ್ಲ. ಮೊಬೈಲಿನಲ್ಲಿ ತೊಂದರೆ ಹಾಗೆಯೇ ಉಳಿಯುತ್ತದೆ, ಪದಗಳನ್ನು ಹುಡುಕಲೂ ಆಗುವುದಿಲ್ಲ. ಪಠ್ಯವನ್ನು ಪೂರ್ತಿ ನಕಲಿಸಿ, ಮೊದಲು ಆ ಚಿಹ್ನೆಗಳನ್ನೇ ಒಂದು ಕಡತದಲ್ಲಿ ಹಾಗೆಯೇ ಉಳಿಸಿ. ನಿಮ್ಮ ಮೂಲಪ್ರತಿ ಅದೇ. ಆಮೇಲೆ ಆಸ್ಕಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಇನ್ನೊಂದು ಪ್ರತಿಯನ್ನು ಅಂಟಿಸಿ. ಬಂದದ್ದನ್ನು ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಇರಲಿ. ಆನ್ಸಿ ಎಂಬ ಹಳೆಯ ಪದ್ಧತಿಯಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಆ ಕಡತದಿಂದ ಅದನ್ನು ಮತ್ತೆ ಪಡೆಯಲು ಬರುವುದಿಲ್ಲ.

ಬಸವನಗುಡಿಯ ಓದುಗರು:

ತಾವು ಹೇಳಿದಂತೆ ಮಾಡಿದೆ. ಲೇಖನ ಕನ್ನಡದಲ್ಲಿ ಬಂತು. ತಂದೆಯವರ ಮೊದಲ ವಾಕ್ಯವನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಆದರೆ ‘ಸೂರ್ಯ’, ‘ಕಾರ್ಯ’ದಂಥ ಪದಗಳು ಒಡೆದಿವೆ, ನಡುನಡುವೆ ಅರ್ಥವಿಲ್ಲದ ಕನ್ನಡ ಅಕ್ಷರಗಳೂ ಬಂದಿವೆ.

ಮಲ್ಲೇಶ್ವರದ ಸದಸ್ಯರು:

ಬಹಳ ಸಂತೋಷ. ಮೊದಲನೆಯದು ಅರ್ಕಾವೊತ್ತಿನ ತೊಡಕು. ಆಸ್ಕಿಯಲ್ಲಿ ಬರೆಯುವ ಕ್ರಮದಂತೆ ‘ಯ’ ಮೊದಲು, ಅರ್ಕಾವೊತ್ತು ಆಮೇಲೆ. ಯುನಿಕೋಡಿನಲ್ಲಿ ಉಚ್ಚರಿಸುವ ಕ್ರಮದಂತೆ ‘ರ್’ ಮೊದಲು. ಅರ್ಕಾವೊತ್ತನ್ನು ‘ಯ’ಕ್ಕಿಂತ ಮೊದಲಿಗೆ ತರದ ಪರಿವರ್ತಕದಲ್ಲಿ ಹೀಗಾಗುತ್ತದೆ, ಆದ್ದರಿಂದ ಬೇರೆಯದರಲ್ಲಿ ಪ್ರಯತ್ನಿಸಿ. ಎರಡನೆಯದು, ತಂದೆಯವರು ನಡುವೆ ಇಂಗ್ಲಿಷಿನಲ್ಲಿಯೇ ಬರೆದ ಪದಗಳಿರಬೇಕು. ಪರಿವರ್ತಕ ಅವನ್ನೂ ಕನ್ನಡವೆಂದೇ ಬದಲಿಸಿದೆ. ಮೂಲಪ್ರತಿಯಲ್ಲಿ ಅವು ಸರಿಯಾಗಿಯೇ ಇರುತ್ತವೆ, ನೋಡಿ ಕೈಯಿಂದ ತಿದ್ದಿ.

ಬಸವನಗುಡಿಯ ಓದುಗರು:

ಬೇರೆ ಪರಿವರ್ತಕದಲ್ಲಿ ಅರ್ಕಾವೊತ್ತುಗಳು ಸರಿಹೋದವು. ಇಂಗ್ಲಿಷ್ ಪದಗಳು ಒಂಬತ್ತು ಇದ್ದವು, ತಿದ್ದಿದೆ. ಯುನಿಕೋಡ್ ಪ್ರತಿಯನ್ನು ಸಂಘದವರಿಗೂ ಕಳುಹಿಸಿದ್ದೇನೆ.