ಅಪ್‌ಡೇಟ್: ರೈಸ್ ಮಿಲ್‌ನವರ ಬಾಕಿ ಬಂತು, ಬಡ್ಡಿ ಇನ್ನೂ ಇಲ್ಲ

ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ನನ್ನದು, ರೈಸ್ ಮಿಲ್ ಒಂದರವರು ರಿಪೇರಿ ದುಡ್ಡು ಕೊಡದೆ ಸತಾಯಿಸುತ್ತಿದ್ದಾರೆ, ಬರೆದ ಕರಾರಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಅಸಲು ಪೂರ್ತಿ ಬಂತು.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮೊದಲೇ ಇದ್ದಿದ್ದು ಕೈ ಹಿಡಿಯಿತು. 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಕರಾರಿಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದನ್ನೆಲ್ಲ ಬರೆದು, ಬಿಲ್ಲಿನ ಜೊತೆ, ಕೆಲಸ ಒಪ್ಪಿಕೊಂಡಿದ್ದಕ್ಕೆ ಸಾಕ್ಷಿಯಾಗಿ ‘ಮೋಟಾರ್ ಚೆನ್ನಾಗಿ ಓಡ್ತಿದೆ’ ಅಂತ ಅವರೇ ಕಳಿಸಿದ್ದ ವಾಟ್ಸಾಪ್ ಮೆಸೇಜಿನ ಪ್ರಿಂಟೂ ಇಟ್ಟು ಸ್ಪೀಡ್ ಪೋಸ್ಟ್ ಮಾಡಿದೆ. ಅವರ ಆಡಿಟರ್ ನೋಡಿದ ಮೇಲೆ ಕೆಲಸ ಆಯಿತು. ಯಾಕಂದ್ರೆ ಗಡುವು ಮೀರಿದ ಬಾಕಿ ಕೊಡುವ ತನಕ ಮಿಲ್‌ನವರು ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯೋ ಹಾಗಿಲ್ಲ.

ಬಡ್ಡಿ ಬಿಡಲ್ಲ, ತಾಮ್ರದ ತಂತಿ ತಂದಿದ್ದು ನಾನು ಸಾಲ ಮಾಡಿ. ಫೆಸಿಲಿಟೇಶನ್ ಕೌನ್ಸಿಲ್‌ಗೆ (ಇಂಥ ಬಾಕಿ ತಕರಾರು ನೋಡಲು ಇದೇ ಕಾಯ್ದೆಯಡಿ ಇರುವ ಮಂಡಳಿ) ಅರ್ಜಿ ಹಾಕ್ತಿದ್ದೇನೆ.